ಮಗುವಿಗೆ ಹೆಸರಿಡುವ ಮುನ್ನ ಒಂದು ಚೀಟಿ ಬರೆಯಿರಿ

ಶಾಲೆಯಲ್ಲಿ ದಾಖಲಾತಿ ಕೆಲಸ ನೋಡಿಕೊಂಡವರಿಗೆ ಇದು ಹೊಸದಲ್ಲ. ಜನನ ಪ್ರಮಾಣಪತ್ರದಲ್ಲಿ ‘ಸಿರಿ ಎಂ.’, ಆಧಾರ್‌ನಲ್ಲಿ ‘ಸಿರಿ ಮಂಜುನಾಥ್’, ಅಂಗನವಾಡಿಯ ಪುಸ್ತಕದಲ್ಲಿ ‘ಶ್ರೀ’. ಮೂರೂ ಒಂದೇ ಮಗು. ಅಪ್ಪ ಅಮ್ಮ ರಜೆ ಹಾಕಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಇಂಥವರನ್ನು ನಾನು ತುಂಬಾ ನೋಡಿದ್ದೇನೆ. ಹೆಸರು ಹುಡುಕಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರು, ಅದನ್ನು ಬರೆಯುವುದು ಹೇಗೆ ಎಂದು ಐದು ನಿಮಿಷ ಯೋಚಿಸಿರುವುದಿಲ್ಲ.

ಹೆಜ್ಜೆ 1: ಪಟ್ಟಿ

ಅಪ್ಪ, ಅಮ್ಮ ಬೇರೆ ಬೇರೆ ಕೂತು ಐದೈದು ಹೆಸರು ಬರೆಯಿರಿ. ಅಜ್ಜಿ ತಾತಂದಿರ ಮಾತನ್ನೂ ಕೇಳಿ. ಕೊನೆಯ ತೀರ್ಮಾನ ಇಬ್ಬರದೇ ಇರಲಿ.

ಹೆಸರು ಹುಡುಕುವ ಆಪ್‌ಗಳನ್ನು ನಂಬಬೇಡಿ. ಒಂದೇ ಹೆಸರಿಗೆ ಒಂದು ಆಪ್ ‘ವಿಷ್ಣುವಿನ ಅಂಶ’ ಎನ್ನುತ್ತದೆ, ಇನ್ನೊಂದು ‘ಸೂರ್ಯನ ಕಿರಣ’ ಎನ್ನುತ್ತದೆ. ಮನಸ್ಸಿಗೆ ಬಂದ ಹೆಸರನ್ನು ಒಂದು ಒಳ್ಳೆಯ ನಿಘಂಟಿನಲ್ಲಿ ನೋಡಿ. ಕಿಟೆಲ್ ನಿಘಂಟು 1894ರದ್ದು, ಇಂದಿಗೂ ಕೆಲಸಕ್ಕೆ ಬರುತ್ತದೆ. ನನ್ನನ್ನು ಕೇಳಿದರೆ ಎರಡು ಮೂರು ಅಕ್ಷರದ, ನಮ್ಮ ಬಾಯಿಗೆ ಒಗ್ಗುವ ಹೆಸರೇ ಚೆಂದ: ಸಿರಿ, ಇಂಚರ, ತುಂಗಾ, ನೇಸರ, ಚೆನ್ನ, ಪಂಪ. ಅಬ್ಬಕ್ಕ, ಅತ್ತಿಮಬ್ಬೆ ಎಂದು ಮಗಳಿಗೆ ಇಡುವ ಧೈರ್ಯ ಯಾರಿಗಾದರೂ ಇದ್ದರೆ ನನಗೆ ತುಂಬಾ ಖುಷಿ.

ಹೆಜ್ಜೆ 2: ನಕ್ಷತ್ರದ ಅಕ್ಷರ

ನಂಬಿಕೆ ಇಲ್ಲದವರು ಮುಂದಿನ ಹೆಜ್ಜೆಗೆ ಹೋಗಬಹುದು. ಇರುವವರಿಗೆ ಲೆಕ್ಕ ಹೀಗಿದೆ. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರ. ಮಗು ಹುಟ್ಟಿದಾಗ ಚಂದ್ರ ಯಾವ ಪಾದದಲ್ಲಿದ್ದನೋ ಅದರ ಅಕ್ಷರದಿಂದ ಹೆಸರು ಶುರುವಾಗಬೇಕು. ಅಶ್ವಿನಿಗೆ ಚು, ಚೆ, ಚೊ, ಲ. ಮಖೆಗೆ ಮ, ಮಿ, ಮು, ಮೆ. ಇಲ್ಲಿಯವರೆಗೆ ಸುಲಭ. ಆದರೆ ಆರ್ದ್ರಾ ನಕ್ಷತ್ರಕ್ಕೆ ಕು, ಘ, ಙ, ಛ. ಹಸ್ತಕ್ಕೆ ಪು, ಷ, ಣ, ಠ. ಙ, ಣ ಅಕ್ಷರದಿಂದ ಶುರುವಾಗುವ ಹೆಸರು ಎಲ್ಲಿಂದ ತರುವುದು? ಇಲ್ಲೇ ಮನೆಯಲ್ಲಿ ಜಗಳ ಶುರುವಾಗುತ್ತದೆ.

ಜಗಳ ಬೇಡ. ನಾಮಕರಣದ ಶಾಸ್ತ್ರದಲ್ಲೇ ಮಗುವಿಗೆ ಒಂದಕ್ಕಿಂತ ಜಾಸ್ತಿ ಹೆಸರಿವೆ: ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮ. ಅಕ್ಷರ ಹೊಂದುವ ಹೆಸರು ಜಾತಕಕ್ಕೆ, ಪೂಜೆಯ ಸಂಕಲ್ಪಕ್ಕೆ ಇರಲಿ. ಕರೆಯುವ ಹೆಸರು ನಿಮಗೆ ಇಷ್ಟವಾದದ್ದು ಇರಲಿ. ದಾಖಲೆಗೆ ಹೋಗಬೇಕಾದದ್ದು ಕರೆಯುವ ಹೆಸರು ಮಾತ್ರ. ಹುಟ್ಟಿದ ಸಮಯ ಎರಡು ನಿಮಿಷ ಆಚೆ ಈಚೆ ಆಯಿತೆಂದು ಗಾಬರಿ ಆಗಬೇಡಿ. ಚಂದ್ರ ಒಂದು ಪಾದ ದಾಟಲು ಸುಮಾರು ಆರು ಗಂಟೆ ಬೇಕು. ಪಾದ ಬದಲಾಗುವ ಹೊತ್ತಿನಲ್ಲೇ ಹುಟ್ಟಿದ್ದರೆ ಮಾತ್ರ ನಿಮಿಷದ ಲೆಕ್ಕ ಬೇಕಾಗುತ್ತದೆ.

ಹೆಜ್ಜೆ 3: ಕೂಗಿ ನೋಡಿ

ಹಿತ್ತಲಲ್ಲಿ ನಿಂತು ಜೋರಾಗಿ ಕೂಗಿ. ಮನೆಯ ಹಿರಿಯರಿಂದಲೂ ಕೂಗಿಸಿ. ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲಿ ‘ಹ’ ಎಷ್ಟೋ ಬಾರಿ ‘ಅ’ ಆಗುತ್ತದೆ, ‘ಶ’ ‘ಸ’ ಆಗುತ್ತದೆ. ‘ಹರ್ಷ’ ‘ಅರ್ಸ’ ಆಗುತ್ತಾನೆ. ಅದು ಅವರ ತಪ್ಪಲ್ಲ, ಅಲ್ಲಿಯ ಮಾತೇ ಹಾಗೆ. ಮಗುವನ್ನು ದಿನಕ್ಕೆ ನೂರು ಸಲ ಕರೆಯುವವರು ಅವರೇ. ಅವರ ಬಾಯಲ್ಲಿ ಚೆನ್ನಾಗಿ ಕೇಳಿಸುವ ಹೆಸರನ್ನು ಆರಿಸಿ.

ಹೆಜ್ಜೆ 4: ಬರೆಯುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಒಂದು ಖಾಲಿ ಕಾಗದ ತೆಗೆದುಕೊಳ್ಳಿ. ಮೇಲೆ ಕನ್ನಡದಲ್ಲಿ, ಕೆಳಗೆ ಇಂಗ್ಲಿಷ್ ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆಯಿರಿ. ಮೊದಲ ತೊಂದರೆ ಸ್ಪೆಲಿಂಗ್‌ನದು. ‘ಲತಾ’ ಬರೆಯಲು ನಾವು ಟಿ ಪಕ್ಕ ಎಚ್ ಹಾಕುತ್ತೇವೆ. ಉತ್ತರದವರು ಅದನ್ನು ‘ಲಥಾ’ ಎಂದು ಓದುತ್ತಾರೆ. ಎಚ್ ಬಿಟ್ಟರೆ ನಮ್ಮವರೇ ‘ಲಟಾ’ ಎನ್ನುತ್ತಾರೆ. ‘ಮಾಳವಿಕಾ’ದ ‘ಳ’ಕ್ಕೆ ಇಂಗ್ಲಿಷ್‌ನಲ್ಲಿ ಜಾಗವೇ ಇಲ್ಲ. ‘ಚಿನ್ಮಯ’ ಎಂದು ಹುಡುಗನಿಗೆ ಇಟ್ಟು ಕೊನೆಗೆ ಎ ಬರೆದರೆ, ದೆಹಲಿಯಲ್ಲಿ ಕೂತವರು ಅದನ್ನು ಹುಡುಗಿಯ ಹೆಸರೆಂದು ತಿಳಿಯುತ್ತಾರೆ. ಎರಡು ಹೆಸರು ನಿಮಗೆ ಒಂದೇ ಸಮ ಇಷ್ಟವಾಗಿದ್ದರೆ, ಇಂಗ್ಲಿಷ್‌ನಲ್ಲಿ ಒಂದೇ ಥರ ಬರೆಯಲು ಬರುವುದನ್ನು ಇಟ್ಟುಕೊಳ್ಳಿ.

ಪರೀಕ್ಷೆ ಸುಲಭ. ಚೀಟಿಯ ಇಂಗ್ಲಿಷ್ ಸಾಲನ್ನು ಮಾತ್ರ ಪರಿಚಯದ ಒಬ್ಬರಿಗೆ ತೋರಿಸಿ ಓದಿಸಿ. ಇನ್ನೊಬ್ಬರಿಗೆ ಫೋನಿನಲ್ಲಿ ಹೆಸರು ಹೇಳಿ, ಇಂಗ್ಲಿಷ್‌ನಲ್ಲಿ ಬರೆದು ಕಳಿಸಲು ಕೇಳಿ. ಇಬ್ಬರೂ ನಿಮ್ಮ ಚೀಟಿಗೆ ಹೊಂದಿದರೆ ಆ ಸ್ಪೆಲಿಂಗ್ ಗಟ್ಟಿ.

ಸಂಖ್ಯಾಶಾಸ್ತ್ರದವರ ಮಾತು ಕೇಳಿ ಒಂದು ಎ, ಒಂದು ಎಚ್ ಸುಮ್ನೆ ಸೇರಿಸಬೇಡಿ. ಅದಕ್ಕೆ ದುಡ್ಡು ಕೊಡಲೇಬೇಡಿ. ಕಚೇರಿಗಳಲ್ಲಿ ಟೈಪ್ ಮಾಡುವವರು ಕಿವಿಗೆ ಬಿದ್ದಂತೆ ಟೈಪ್ ಮಾಡುತ್ತಾರೆ, ಆ ಹೆಚ್ಚಿನ ಅಕ್ಷರ ಮೊದಲು ಬಿಟ್ಟುಹೋಗುತ್ತದೆ. ಆಮೇಲೆ ಆ ಒಂದು ಅಕ್ಷರಕ್ಕಾಗಿ ಮಗು ಅಫಿಡವಿಟ್ ಮಾಡಿಸುತ್ತಾ ಬೆಳೆಯಬೇಕು.

ಎರಡನೇ ತೊಂದರೆ ಇನಿಷಿಯಲ್. ಹಳೆ ಮೈಸೂರಿನಲ್ಲಿ ಊರು, ಅಪ್ಪ, ಆಮೇಲೆ ಹೆಸರು. ಎಸ್.ಎಂ. ಕೃಷ್ಣ ಎಂದರೆ ಸೋಮನಹಳ್ಳಿ ಮಲ್ಲಯ್ಯ ಕೃಷ್ಣ. ಕೊಡಗಿನಲ್ಲಿ ಮನೆತನ ಮೊದಲು: ಕೊಡಂದೇರ ಮಾದಪ್ಪ ಕಾರ್ಯಪ್ಪ. ಉತ್ತರ ಕರ್ನಾಟಕದಲ್ಲಿ ಹೆಸರು, ಅಪ್ಪನ ಹೆಸರು, ಕೊನೆಗೆ ಪಾಟೀಲ, ಹಿರೇಮಠದಂಥ ಅಡ್ಡಹೆಸರು. ಮೂರೂ ಒಳ್ಳೆಯ ಪದ್ಧತಿಗಳೇ. ಆದರೆ ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಒಂದೇ ಪದದ ಹೆಸರಿದ್ದರೂ ಕಷ್ಟ. ಪಾಸ್‌ಪೋರ್ಟ್‌ನಲ್ಲಿ ಗಿವನ್ ನೇಮ್ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಅಲ್ಲಿ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂದು ಬರುತ್ತದೆ. ಅಲ್ಲಿರುವ ನಮ್ಮ ಹುಡುಗರನ್ನು ಕೇಳಿ, ಬ್ಯಾಂಕಿನಲ್ಲಿ, ಲೈಸೆನ್ಸ್ ಕಚೇರಿಯಲ್ಲಿ ಅದರಿಂದ ಎಷ್ಟು ಪಾಡು ಎಂದು ಹೇಳುತ್ತಾರೆ.

ಹಾಗಾಗಿ ನನ್ನ ಮಾತು ಒಂದೇ: ಜನನ ಪ್ರಮಾಣಪತ್ರದಲ್ಲೇ ಎರಡು ಪೂರ್ತಿ ಪದ ಇರಲಿ, ಚುಕ್ಕೆ ಬೇಡ. ಎರಡನೇ ಪದ ಅಪ್ಪನ ಹೆಸರಾಗಬಹುದು, ಅಮ್ಮನದಾಗಬಹುದು, ಮನೆತನದ್ದಾಗಬಹುದು. ಮೊಹಮ್ಮದ್ ಎಂದು ಹೆಸರಿಡುವವರು ಅದನ್ನು ‘ಎಂಡಿ’ ಎಂದು ಚಿಕ್ಕದು ಮಾಡಲೇಬೇಡಿ. ಚರ್ಚಿನ ಜ್ಞಾನಸ್ನಾನದ ದಾಖಲೆಯಲ್ಲೂ ಚೀಟಿಯ ಸ್ಪೆಲಿಂಗೇ ಇರಲಿ.

ಹೆಜ್ಜೆ 5: ಜನನ ನೋಂದಣಿ

ಹುಟ್ಟಿದ 21 ದಿನದೊಳಗೆ ಜನನ ನೋಂದಣಿಗೆ ಮಾಹಿತಿ ಹೋಗಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಅವರೇ ಕಳಿಸುತ್ತಾರೆ. ಅಲ್ಲಿ ಫಾರ್ಮ್ ತುಂಬಿಸುವಾಗ ‘ಮಗುವಿನ ಹೆಸರೇನು’ ಎಂದು ಕೇಳುತ್ತಾರೆ. ಹೆಸರು ಗಟ್ಟಿಯಾಗಿಲ್ಲದಿದ್ದರೆ ಆ ಜಾಗ ಖಾಲಿ ಬಿಡಿ. ಸದ್ಯಕ್ಕೆ ಇರಲಿ ಎಂದು ಯಾವುದೋ ಮುದ್ದಿನ ಹೆಸರು ಹೇಳಬೇಡಿ. ಖಾಲಿ ಬಿಟ್ಟರೆ ನೋಂದಣಿಗೆ ಅಡ್ಡಿಯಿಲ್ಲ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ 15 ವರ್ಷದವರೆಗೂ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು.

ಸೇರಿಸುವುದು ಸುಲಭ, ಬದಲಾಯಿಸುವುದು ಕಷ್ಟ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ತಪ್ಪು ನಮೂದನ್ನು ತಿದ್ದಲು ದಾರಿಯಿದೆ. ಮನಸ್ಸು ಬದಲಾಯಿತು ಎಂದರೆ ಅದು ತಪ್ಪು ನಮೂದಾಗುವುದಿಲ್ಲ. ಇದರ ತೂಕ ಈಗ ಇನ್ನೂ ಜಾಸ್ತಿ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲದಕ್ಕೂ ಹುಟ್ಟಿದ ದಿನ, ಜಾಗ ತೋರಿಸಲು ಜನನ ಪ್ರಮಾಣಪತ್ರವೇ ಆಧಾರ.

ಫಾರ್ಮ್ ಕೊಡುವಾಗ ಬಾಯಲ್ಲಿ ಹೇಳಬೇಡಿ, ಚೀಟಿ ಕೊಡಿ. ನಿಮ್ಮಿಬ್ಬರ ಹೆಸರೂ ನಿಮ್ಮ ಆಧಾರ್‌ನಲ್ಲಿ ಇರುವ ಹಾಗೇ ಬರಲಿ. ಪ್ರಮಾಣಪತ್ರ ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಒಂದೊಂದೇ ಅಕ್ಷರ ಓದಿ: ಹೆಸರು, ದಿನ, ಗಂಡೋ ಹೆಣ್ಣೋ, ಅಪ್ಪ, ಅಮ್ಮ, ವಿಳಾಸ.

ಹೆಜ್ಜೆ 6: ಆಧಾರ್

ಪ್ರಮಾಣಪತ್ರ ಬರುವ ಮೊದಲು ಇದಕ್ಕೆ ಹೋಗಬೇಡಿ. ಐದು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಬೇಡ, 5 ಮತ್ತು 15 ವರ್ಷಕ್ಕೆ ಕೊಡಬೇಕು. ಕನ್ನಡದ ಹೆಸರನ್ನು ಕಂಪ್ಯೂಟರ್ ಇಂಗ್ಲಿಷ್ ನೋಡಿ ತಾನೇ ಬರೆದುಕೊಳ್ಳುತ್ತದೆ. ‘ತ’ ಹೋಗಿ ‘ಟ’ ಬರುವುದು ಇಲ್ಲೇ. ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಹೇಳಿ, ಓದಿ, ತಿದ್ದಿಸಿ. ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಜೀವನದಲ್ಲಿ ಎರಡೇ ಅವಕಾಶ.

ಹೆಜ್ಜೆ 7: ನಾಮಕರಣ

ಪುರೋಹಿತರು, ಸೋದರತ್ತೆ, ಅಜ್ಜಿ ಎಲ್ಲ ನೋಡಿಕೊಳ್ಳುತ್ತಾರೆ. ನೀವು ಮಾಡಬೇಕಾದದ್ದು ಒಂದು. ಚೀಟಿಯ ಫೋಟೊ ತೆಗೆದು ಹಿಂದಿನ ದಿನವೇ ಮನೆಯವರ ವಾಟ್ಸ್ಆಪ್ ಗುಂಪಿಗೆ ಹಾಕಿ. ಅಕ್ಕಿಯ ತಟ್ಟೆಯಲ್ಲಿ ಹೆಸರು ಬರೆಯುವವರು, ಬ್ಯಾನರ್ ಮಾಡಿಸುವ ಚಿಕ್ಕಪ್ಪ, ಬಳೆಯ ಮೇಲೆ ಹೆಸರು ಕೆತ್ತಿಸುವ ದೊಡ್ಡಮ್ಮ ಎಲ್ಲರೂ ಒಂದೇ ಥರ ಬರೆಯಲಿ. ಮಗಳಾದರೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯಲು ಪೋಸ್ಟ್ ಆಫೀಸಿಗೆ ಹೋಗುವಾಗಲೂ ಅದೇ ಚೀಟಿ ಜೇಬಿನಲ್ಲಿರಲಿ.