ಹುಳಿಯೋ ಒಗರೋ: ಮನೆಯ ಪೋರ್ ಓವರ್ ಕಾಫಿಯನ್ನು ಸರಿಮಾಡಿಕೊಳ್ಳುವ ಬಗೆ

ಪೋರ್ ಓವರ್ ಅಂದರೆ ಪೇಪರ್ ಫಿಲ್ಟರಿನಲ್ಲಿಟ್ಟ ಪುಡಿಯ ಮೇಲೆ ಕೈಯಾರೆ ಬಿಸಿನೀರು ಸುರಿದು ಇಳಿಸುವ ಕಾಫಿ. ಪರಿಣತರ ರುಚಿ ಪರೀಕ್ಷೆಯಲ್ಲಿ ನೂರಕ್ಕೆ 80 ಅಥವಾ ಹೆಚ್ಚು ಅಂಕ ಬಂದ ಬೀಜಕ್ಕೆ ಸ್ಪೆಷಾಲ್ಟಿ ಕಾಫಿ ಎನ್ನುತ್ತಾರೆ. ಅಂಕ ಬಂದಿದ್ದು ಬೀಜಕ್ಕೆ, ನಮ್ಮ ಲೋಟಕ್ಕಲ್ಲ. ಒಳ್ಳೆಯ ಬೀಜದಿಂದ ಹುಳಿ ನೀರು ಇಳಿಸುವುದು ಬಹಳ ಸುಲಭ. ಅದಕ್ಕೇ ನಾನು ಬೀಜದ ತೂಕ, ನೀರಿನ ತೂಕ, ಶಾಖ, ಸುರಿಯುವ ರೀತಿ ಯಾವುದನ್ನೂ ಕದಲಿಸದೆ ಗ್ರೈಂಡ್ (ಪುಡಿ ಎಷ್ಟು ಸಣ್ಣ, ಎಷ್ಟು ದಪ್ಪ ಎಂಬುದು) ಒಂದನ್ನೇ ಬದಲಿಸುತ್ತೇನೆ. ಎರಡನ್ನು ಒಟ್ಟಿಗೆ ಬದಲಿಸಿದರೆ ರುಚಿ ಯಾವುದರಿಂದ ಸುಧಾರಿಸಿತು, ಯಾವುದರಿಂದ ಕೆಟ್ಟಿತು ಎಂದು ಗೊತ್ತಾಗುವುದೇ ಇಲ್ಲ.

ನಾನು ಬಳಸುವುದು 02 ಅಳತೆಯ ಪ್ಲಾಸ್ಟಿಕ್ ವಿ60 (ಪೇಪರ್ ಕೂರಿಸಿ ಕಾಫಿ ಇಳಿಸುವ ಶಂಕುವಿನಾಕಾರದ ಡ್ರಿಪ್ಪರ್), ಅದಕ್ಕೆ ಹೊಂದುವ ಬಿಳಿ ಪೇಪರ್ ಫಿಲ್ಟರ್, ಸಣ್ಣ ಬಾಗು ಮೂತಿಯ ಕೆಟಲ್, 0.1 ಗ್ರಾಂವರೆಗೆ ತೋರಿಸುವ ತಕ್ಕಡಿ, ಕೈಯಲ್ಲಿ ತಿರುಗಿಸುವ, ಎರಡು ಹಲ್ಲುಗಳ ನಡುವೆ ಬೀಜ ಅರೆಯುವ ಬರ್ ಗ್ರೈಂಡರ್. ಪಿಂಗಾಣಿ ಡ್ರಿಪ್ಪರ್ ನೋಡಲು ಚೆಂದ, ಆದರೆ ಚೆನ್ನಾಗಿ ಬಿಸಿ ಮಾಡಿಕೊಳ್ಳದಿದ್ದರೆ ಮೊದಲ ನೀರಿನ ಶಾಖವನ್ನೆಲ್ಲ ಅದೇ ಹೀರುತ್ತದೆ. ದುಡ್ಡು ಹಾಕುವುದಿದ್ದರೆ ಗ್ರೈಂಡರಿಗೆ ಹಾಕಿ. ಬ್ಲೇಡ್ ಗ್ರೈಂಡರ್ ಬೀಜವನ್ನು ಅರೆಯುವುದಿಲ್ಲ, ಚಚ್ಚುತ್ತದೆ. ಹಿಟ್ಟಿನಂಥ ಧೂಳು, ದಪ್ಪ ಮರಳಿನಂಥ ತುಂಡು ಎರಡೂ ಒಂದೇ ಪುಡಿಯಲ್ಲಿರುತ್ತವೆ. ಧೂಳು ಕಹಿ ಬಿಟ್ಟು ಮುಗಿಸಿದ ಹೊತ್ತಿಗೆ ತುಂಡಿನ ಒಳಗೆ ನೀರೇ ಹೊಕ್ಕಿರುವುದಿಲ್ಲ.

ಅಳತೆಗೆ ಚಮಚ ಬೇಡ. ಕಡು ಹುರಿದ ಬೀಜ ಉಬ್ಬಿ ಹಗುರಾಗಿರುತ್ತದೆ, ತಿಳಿ ಹುರಿದದ್ದು ಗಟ್ಟಿ. ಅದೇ ಚಮಚದಲ್ಲಿ ತೂಕ ಬೇರೆ ಬೇರೆ ಬರುತ್ತದೆ. ನನ್ನ ಲೆಕ್ಕ 15 ಗ್ರಾಂ ಬೀಜಕ್ಕೆ 250 ಗ್ರಾಂ ನೀರು. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದುಕೊಳ್ಳುವುದರಿಂದ ಲೋಟಕ್ಕೆ 220 ಗ್ರಾಂ ಆಸುಪಾಸು ಇಳಿಯುತ್ತದೆ. ಬೀಜಕ್ಕೆ ಒಂದು ಹನಿ ನೀರು ಸವರಿ ಅಲುಗಾಡಿಸಿ ಪುಡಿ ಮಾಡಿದರೆ ಪುಡಿ ಗ್ರೈಂಡರಿನ ಗೋಡೆಗೆ ಅಂಟುವುದಿಲ್ಲ. ಮೊದಲ ಸಲಕ್ಕೆ ಪುಡಿ ಉಪ್ಪಿಗಿಂತ ತುಸು ದಪ್ಪ ಇರಲಿ. ಪುಡಿಯ ದಪ್ಪ ಹೊಂದಿಸಲು ಗ್ರೈಂಡರನ್ನು ತಿರುಗಿಸುವ ಕ್ಲಿಕ್ ಸಂಖ್ಯೆಯನ್ನು ಇನ್ನೊಬ್ಬರಿಂದ ಕೇಳಿ ಪ್ರಯೋಜನವಿಲ್ಲ, ಯಂತ್ರದಿಂದ ಯಂತ್ರಕ್ಕೆ ಅದು ಬೇರೆ.

ತಿಳಿ ಹುರಿದ ಬೀಜಕ್ಕೆ ಕುದಿ ಬಂದು ಇಳಿಸಿದ ನೀರನ್ನೇ, ಅಂದರೆ 95-96 ಡಿಗ್ರಿಯದ್ದನ್ನು, ಸುರಿಯುತ್ತೇನೆ. ಮಧ್ಯಮಕ್ಕೆ 92, ಕಡು ಹುರಿದದ್ದಕ್ಕೆ 85-88. ಎತ್ತರದ ಊರುಗಳಲ್ಲಿ 300 ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಕುದಿಯುವ ಬಿಂದುವೇ ಕೆಳಗಿಳಿಯುತ್ತದೆ. ಅಲ್ಲಿ ತಿಳಿ ಹುರಿದ ಬೀಜಕ್ಕೆ ಕುದಿಯುವ ನೀರನ್ನು ನೇರವಾಗಿ ಸುರಿದರೂ ತೊಂದರೆಯಿಲ್ಲ.

ಪೇಪರನ್ನು ಬಿಸಿನೀರಿನಲ್ಲಿ ತೋಯಿಸಿ, ಆ ನೀರು ಚೆಲ್ಲಿ, ಪುಡಿ ಹಾಕಿ ಸಮ ಮಾಡುತ್ತೇನೆ. ಟೈಮರ್ ಒತ್ತಿ 45 ಗ್ರಾಂ ನೀರು ಸುರಿದು ಡ್ರಿಪ್ಪರನ್ನು ಒಮ್ಮೆ ವೃತ್ತಾಕಾರವಾಗಿ ಆಡಿಸುತ್ತೇನೆ. ಪುಡಿ ಉಬ್ಬಿ ಗುಳ್ಳೆ ಬಿಡುತ್ತದೆ. ಹುರಿದಾಗ ಒಳಗೆ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಬರುವುದು ಹೀಗೆ. ಅದು ಹೋಗುವ ಮೊದಲೇ ನೀರು ತುಂಬಿಸಿದರೆ ಅನಿಲ ನೀರನ್ನು ತಳ್ಳುತ್ತದೆ, ಪುಡಿಯ ನಡುವೆ ಒಣಗಿದ ಗಂಟು ಉಳಿಯುತ್ತದೆ. 45ನೇ ಸೆಕೆಂಡಿಗೆ ಮತ್ತೆ ಸುರಿಯಲು ಶುರು ಮಾಡಿ, ನಡುವಿನಿಂದ ಹೊರಕ್ಕೆ ಸುತ್ತು ಹಾಕುತ್ತ 1 ನಿಮಿಷ 10 ಸೆಕೆಂಡಿಗೆ ತಕ್ಕಡಿ 150 ತೋರಿಸುವಂತೆ ನೋಡಿಕೊಳ್ಳುತ್ತೇನೆ. ಒಂದೂವರೆ ನಿಮಿಷಕ್ಕೆ ಕೊನೆಯ 100 ಗ್ರಾಂ. ಪೇಪರಿನ ಗೋಡೆಗೆ ನೀರು ಬೀಳಬಾರದು, ಬಿದ್ದರೆ ಅದು ಪುಡಿಯನ್ನು ಮುಟ್ಟದೆ ಪಕ್ಕದಿಂದ ಜಾರಿಕೊಳ್ಳುತ್ತದೆ. ಕೊನೆಗೊಮ್ಮೆ ಮೆಲ್ಲಗೆ ಆಡಿಸಿದರೆ ಪುಡಿ ಮಟ್ಟಸವಾಗಿ ಕೂರುತ್ತದೆ. ಎರಡೂ ಮುಕ್ಕಾಲು ನಿಮಿಷದಿಂದ ಮೂರೂ ಕಾಲು ನಿಮಿಷದೊಳಗೆ ಇಳಿದರೆ ಸರಿ. ಈ ಸಮಯ ಬರೀ ಸುಳಿವು, ತೀರ್ಪು ನಾಲಿಗೆಯದ್ದು.

ತೀರಾ ಬಿಸಿ ಇರುವಾಗ ರುಚಿ ನೋಡಿ ನಿರ್ಧರಿಸಬಾರದು, ಕಾಫಿ ಬೆಚ್ಚಗಾದ ಮೇಲೇ ನಿಜ ಬಣ್ಣ ತೋರಿಸುವುದು. ಹಲ್ಲು ಜುಂ ಎನಿಸುವ ಹುಳಿ, ತೆಳು ಮೈ, ನುಂಗಿದೊಡನೆ ಮಾಯವಾಗುವ ರುಚಿ ಇದ್ದರೆ ಬೀಜದ ಸಾರ ಪೂರ್ತಿ ಇಳಿದಿಲ್ಲ; ಎರಡು ಕ್ಲಿಕ್ ಸಣ್ಣಗೆ ಮಾಡಿ. ಹಣ್ಣಿನ ಹುಳಿ ಬೇರೆ, ಅದರ ಹಿಂದೆ ಸಿಹಿ ಬರುತ್ತದೆ, ಅದನ್ನು ಓಡಿಸಬೇಡಿ. ಕಹಿ ಉಳಿದು ನಾಲಿಗೆ ಒಣಗಿದಂತೆ ಒಗರಾದರೆ ಎರಡು ಕ್ಲಿಕ್ ದಪ್ಪಗೆ. ರುಚಿ ಸರಿಯಿದ್ದು ನೀರಾಗಿದೆ ಅನ್ನಿಸಿದರೆ ಮಾತ್ರ ಗ್ರೈಂಡ್ ಮುಟ್ಟದೆ 16 ಗ್ರಾಂ ಹಾಕಿ.

ಹೆಚ್ಚಿನವರು ಎಡವುವುದು ಹುಳಿಯೂ ಒಗರೂ ಒಂದೇ ಗುಟುಕಿನಲ್ಲಿ ಬಂದಾಗ. ಸಣ್ಣಗೆ ಮಾಡಿದರೆ ಒಗರು ಏರುತ್ತದೆ, ದಪ್ಪ ಮಾಡಿದರೆ ಹುಳಿ. ಇದು ಗ್ರೈಂಡಿನ ದೋಷವಲ್ಲ. ನೀರು ಎಲ್ಲೋ ಒಂದು ಕಡೆ ಕಾಲುವೆ ಕೊರೆದುಕೊಂಡು ಆ ಪುಡಿಯನ್ನಷ್ಟೇ ಹಿಂಡಿದೆ, ಉಳಿದದ್ದು ಅರ್ಧಂಬರ್ಧ ನೆನೆದಿದೆ. ನೀರು ಇಳಿದ ಮೇಲೆ ಡ್ರಿಪ್ಪರಿನೊಳಗೆ ಇಣುಕಿ ನೋಡಿ: ಒಂದು ಪಕ್ಕ ಗುಳಿ ಬಿದ್ದಿದೆಯೇ, ಗೋಡೆಯ ಮೇಲೆ ಪುಡಿ ಎತ್ತರಕ್ಕೆ ಅಂಟಿ ನಿಂತಿದೆಯೇ, ಮೇಲೆ ಕೆಸರಿನ ಪದರವಿದೆಯೇ. ಮೂತಿಯನ್ನು ಪುಡಿಗೆ ಇನ್ನಷ್ಟು ಹತ್ತಿರ ಹಿಡಿದು ತೆಳ್ಳಗೆ ಸುರಿಯಿರಿ, ಜೋರಾಗಿ ಆಡಿಸುವುದನ್ನು ಬಿಡಿ. ಕೆಸರು ಸೇರಿ ಪೇಪರಿನ ರಂಧ್ರ ಕಟ್ಟಿದ್ದರೆ ನಾಲ್ಕು ನಿಮಿಷವಾದರೂ ನೀರು ಇಳಿಯುವುದಿಲ್ಲ.

ಇಷ್ಟಾದರೂ ಸಪ್ಪೆ ಎನ್ನಿಸಿದರೆ ನೀರನ್ನು ಅನುಮಾನಿಸಿ. ಗಡಸು ನೀರಿನಲ್ಲಿ ಸಾಮಾನ್ಯವಾಗಿ ಬೈಕಾರ್ಬನೇಟ್ ಹೆಚ್ಚು, ಅದು ಹಣ್ಣಿನ ಹುಳಿಯನ್ನೆಲ್ಲ ನುಂಗಿ ಕಾಫಿಯನ್ನು ಮಂಕು ಮಾಡುತ್ತದೆ. ಆರ್‌ಒ ನೀರಿನಲ್ಲಿ ಖನಿಜವೇ ಕಡಿಮೆ, ರುಚಿ ಟೊಳ್ಳು, ಹುಳಿ ಬತ್ತಲೆ. ನಾನು ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 2.45 ಗ್ರಾಂ ತಿನ್ನಲು ಯೋಗ್ಯವಾದ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಕರಗಿಸಿ ಒಂದು ಬಾಟಲಿಯಲ್ಲಿ, ಇನ್ನೊಂದು ಲೀಟರಿಗೆ 1.68 ಗ್ರಾಂ ಅಡುಗೆ ಸೋಡಾ ಕರಗಿಸಿ ಇನ್ನೊಂದರಲ್ಲಿ ಇಟ್ಟುಕೊಳ್ಳುತ್ತೇನೆ. ಮೊದಲನೆಯದರಿಂದ 80 ಗ್ರಾಂ, ಎರಡನೆಯದರಿಂದ 40 ಗ್ರಾಂ, ಮೇಲೆ 880 ಗ್ರಾಂ ಡಿಸ್ಟಿಲ್ಡ್ ನೀರು ಸೇರಿಸಿದರೆ ಗಡಸುತನ 80, ಕ್ಷಾರತೆ (ಹುಳಿಯನ್ನು ತಗ್ಗಿಸುವ ಗುಣ) 40 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಇರುವ ಒಂದು ಲೀಟರ್ ಸಿಗುತ್ತದೆ. ಎರಡು ಬಾಟಲಿಯ ಗಟ್ಟಿ ದ್ರಾವಣಗಳನ್ನು ಒಂದೇ ಬಾಟಲಿಯಲ್ಲಿ ಬೆರೆಸಿಡಬೇಡಿ.

ಬೀಜ ಹುರಿದ ಮರುದಿನವೇ ಆತುರ ಬೇಡ. ತಿಳಿ ಹುರಿದದ್ದಕ್ಕೆ ಹತ್ತು ದಿನ, ಮಧ್ಯಮಕ್ಕೆ ಐದಾರು ದಿನ ಬಿಟ್ಟರೆ ಅನಿಲ ತಗ್ಗುತ್ತದೆ. ಹೆಚ್ಚಿದ್ದರೆ 15 ಗ್ರಾಂನ ಪೊಟ್ಟಣ ಕಟ್ಟಿ ಗಾಳಿಯಾಡದಂತೆ ಫ್ರೀಜರಿನಲ್ಲಿಟ್ಟು, ಹೊರಗೆ ತೆಗೆದ ಕೂಡಲೇ ಪುಡಿ ಮಾಡಿ.

ಹೊಸ ಬೀಜ ಬಂದಾಗ ಡ್ರಿಪ್ಪರಿಗಿಂತ ಮೊದಲು ಕಪ್ಪಿಂಗ್, ಅಂದರೆ ಪುಡಿಯನ್ನು ಬಟ್ಟಲಲ್ಲೇ ನೆನೆಸಿ ರುಚಿ ನೋಡುವುದು, ನನ್ನ ರೂಢಿ. 12 ಗ್ರಾಂ ದಪ್ಪ ಪುಡಿಯ ಮೇಲೆ 200 ಗ್ರಾಂ ಬಿಸಿನೀರು, ನಾಲ್ಕು ನಿಮಿಷಕ್ಕೆ ಮೇಲೆ ಕಟ್ಟಿದ ಪುಡಿಯ ಪದರವನ್ನು ಚಮಚದಿಂದ ಮೂರು ಸಲ ಕದಡಿ, ತೇಲುವ ನೊರೆ ತೆಗೆದು, ಹತ್ತು-ಹನ್ನೆರಡು ನಿಮಿಷದ ಮೇಲೆ ಚಮಚದಲ್ಲಿ ಸುರ್ರೆಂದು ಹೀರುವುದು. ತೊಳೆದು ಒಣಗಿಸಿದ ಬೀಜ ಮತ್ತು ಹಣ್ಣಿನ ಸಮೇತ ಒಣಗಿಸಿದ ಬೀಜ ಪಕ್ಕಪಕ್ಕ ಇಟ್ಟರೆ ಮೊದಲನೆಯದರ ಸ್ವಚ್ಛ ಹುಳಿಯೂ ಎರಡನೆಯದರ ಮಾಗಿದ ಹಣ್ಣಿನ ಘಮವೂ ಎದುರಾಬದುರು ನಿಲ್ಲುತ್ತವೆ. ಇಲ್ಲಿ ಸುರಿಯುವ ಕೈಚಳಕದ ಪಾತ್ರವಿಲ್ಲ, ಕಾಲುವೆ ಬೀಳುವುದಿಲ್ಲ. ಕಪ್ಪಿಂಗ್‌ನಲ್ಲಿ ಸಿಹಿಯಾಗಿದ್ದ ಬೀಜ ಡ್ರಿಪ್ಪರಿನಲ್ಲಿ ಒಗರಾದರೆ ತಪ್ಪು ನನ್ನ ಗ್ರೈಂಡಿನದ್ದೋ ಸುರಿತದ್ದೋ. ಕಪ್ಪಿಂಗ್‌ನಲ್ಲೇ ಸುಟ್ಟ ವಾಸನೆಯೋ ಹಸಿ ಹುಲ್ಲಿನ ರುಚಿಯೋ ಬಂದರೆ ಅದು ಬಹುತೇಕ ಹುರಿಯುವಾಗಲೇ ಆದ ದೋಷ, ಗ್ರೈಂಡರನ್ನು ಎಷ್ಟು ಕ್ಲಿಕ್ ತಿರುಗಿಸಿದರೂ ಹೋಗುವುದಿಲ್ಲ.