ಕುಷ್ಟಗಿಯ ಹತ್ತಿ ಹೊಲದ ಪ್ರಶ್ನೆ ಹೊತ್ತು ಜಿನೀವಾಕ್ಕೆ: ನನ್ನ ಅನುಭವ

ರಾಯಚೂರಿನ ಕಾನೂನು ಕಾಲೇಜೊಂದರಲ್ಲಿ ಕಾರ್ಮಿಕ ಕಾನೂನು ಕಲಿಸುವ ನಾನು 2023ರ ಜೂನ್‌ನಲ್ಲಿ 11 ದಿನ ಜಿನೀವಾದಲ್ಲಿದ್ದು, ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಒಡಂಬಡಿಕೆಗಳ ಪಾಲನೆಯನ್ನು ಹೇಗೆ ಪರಿಶೀಲಿಸುತ್ತದೆ ಎಂಬುದನ್ನು ಅಭ್ಯಾಸ ಮಾಡಿ ಬಂದೆ. ಆದರೆ ಆ ಪ್ರವಾಸಕ್ಕೆ ಕಾರಣವಾದ ಪ್ರಶ್ನೆ ಹುಟ್ಟಿದ್ದು ಕೊಪ್ಪಳ ಜಿಲ್ಲೆಯ ಕುಷ್ಟಗಿ ಸೀಮೆಯ ಹತ್ತಿ ಹೊಲಗಳಲ್ಲಿ. ಹೈಬ್ರಿಡ್ ಬೀಜಕ್ಕಾಗಿ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ ಸಂಜೆಯೇ ಕೇಸರ ತೆಗೆದಿಟ್ಟು, ಮರುದಿನ ಮುಂಜಾನೆ ಗಂಡು ಹೂವಿನ ಪರಾಗವನ್ನು ಒಂದೊಂದಕ್ಕೂ ಕೈಯಿಂದಲೇ ಮುಟ್ಟಿಸುವ ಕೆಲಸಕ್ಕೆ ನಮ್ಮ ಕಡೆ ಕ್ರಾಸಿಂಗ್ ಎಂದೇ ಹೆಸರು. ನಾನು ಕ್ಷೇತ್ರಕಾರ್ಯ ಮಾಡಿದ ಹೊಲಗಳಲ್ಲಿ ಈ ಕೆಲಸಕ್ಕೆ ಮನೆಯವರು ಮುಂಗಡ ಹಿಡಿದಿದ್ದರು, ತಾಯಂದಿರ ಜೊತೆ ಹೆಣ್ಣುಮಕ್ಕಳೂ ಸಾಲು ಹಿಡಿದಿದ್ದರು. ಮಗಳು ಶಾಲೆಗೆ ಯಾಕೆ ಹೋಗಿಲ್ಲವೆಂದು ಕೇಳಿದಾಗ ಒಬ್ಬ ತಾಯಿ, "ಮೇಡಮ್ಮಾರ, ಸಾಲಿ ಗಂಟಿ ಬಾರಿಸೂತನ ಹೂವು ಕಾಯಂಗಿಲ್ರಿ" ಎಂದಳು. ನನ್ನ ಇಡೀ ಅಧ್ಯಯನ ಆ ಮಾತಿನ ಸುತ್ತಲೇ ಬೆಳೆಯಿತು.

ಭಾರತವು ದುಡಿಮೆಯ ಕನಿಷ್ಠ ವಯಸ್ಸಿನ 138ನೇ ಒಡಂಬಡಿಕೆಯನ್ನೂ, ಬಾಲಕಾರ್ಮಿಕ ಪದ್ಧತಿಯ ಅತ್ಯಂತ ಕೆಟ್ಟ ರೂಪಗಳನ್ನು ನಿಷೇಧಿಸುವ 182ನೇ ಒಡಂಬಡಿಕೆಯನ್ನೂ 2017ರ ಜೂನ್ 13ರಂದು ಒಪ್ಪಿಕೊಂಡಿತು. ಬಲವಂತದ ದುಡಿಮೆಗೆ ಸಂಬಂಧಿಸಿದ 29ನೇ ಒಡಂಬಡಿಕೆಯನ್ನು 1954ರಲ್ಲೇ ಒಪ್ಪಿತ್ತು. ಹೀಗೆ ಒಪ್ಪಿಕೊಂಡ ಮಾತು ಜಿನೀವಾದಿಂದ ಕುಷ್ಟಗಿಯವರೆಗೆ ಬರುವ ದಾರಿಯಲ್ಲಿ ಎಲ್ಲಿ ನಿಲ್ಲುತ್ತದೆ, ಮತ್ತು ಕುಷ್ಟಗಿಯ ಸಂಗತಿ ಜಿನೀವಾದ ಕಡತಕ್ಕೆ ಯಾವ ಬಾಗಿಲಿನಿಂದ ಸೇರಬಲ್ಲದು ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ಸಿದ್ಧತೆಗೆ ಎಂಟು ತಿಂಗಳು ಹಿಡಿಯಿತು. ಅದರಲ್ಲಿ ಎರಡು ತಪ್ಪುಗಳನ್ನು ಮಾಡಿದೆ. ಒಡಂಬಡಿಕೆಗಳ ಪಾಲನೆಯನ್ನು ಮೊದಲು ಪರಿಶೀಲಿಸುವುದು 20 ಮಂದಿ ಸ್ವತಂತ್ರ ನ್ಯಾಯಜ್ಞರ ತಜ್ಞರ ಸಮಿತಿ. ಅದು ನವೆಂಬರ್-ಡಿಸೆಂಬರ್‌ನಲ್ಲಿ ಸೇರುತ್ತದೆಂದು ತಿಳಿದು ನಾನು ಆ ತಿಂಗಳುಗಳಿಗೇ ಪ್ರವಾಸ ಗೊತ್ತುಮಾಡಿದ್ದೆ. ಆ ಸಭೆ ಗೋಪ್ಯವಾಗಿ ನಡೆಯುತ್ತದೆ, ಹೊರಗಿನವರು ಅಲ್ಲಿ ಕೂರುವಂತಿಲ್ಲ ಎಂಬುದು ತಡವಾಗಿ ಗೊತ್ತಾಗಿ, ಎಲ್ಲವನ್ನೂ ಜೂನ್‌ನ ಕಾರ್ಮಿಕ ಸಮ್ಮೇಳನಕ್ಕೆ ಬದಲಿಸಿದೆ. ಎರಡನೆಯ ತಪ್ಪು ಇನ್ನೂ ದೊಡ್ಡದು. ಸಮಿತಿಯ ವಾರ್ಷಿಕ ವರದಿಯಲ್ಲಿ ಅಚ್ಚಾಗುವ ಅವಲೋಕನಗಳನ್ನಷ್ಟೇ ಓದಿ, ಭಾರತದ ಬಗ್ಗೆ ಹೇಳಿರುವುದು ಇಷ್ಟೇ ಎಂದುಕೊಂಡಿದ್ದೆ. ಸಮಿತಿಯು ಸರ್ಕಾರಗಳಿಗೆ ನೇರವಾಗಿ ಕಳಿಸುವ ಪ್ರಶ್ನೆಗಳು, ಅಂದರೆ ಡೈರೆಕ್ಟ್ ರಿಕ್ವೆಸ್ಟ್‌ಗಳು, ಆ ವರದಿಯಲ್ಲಿ ಇರುವುದಿಲ್ಲ. ಅವು ಸಂಘಟನೆಯ ನಾರ್ಮ್‌ಲೆಕ್ಸ್ ಎಂಬ ಅಂತರ್ಜಾಲ ಭಂಡಾರದಲ್ಲಿ ಸಿಗುತ್ತವೆ. ತಪಾಸಣೆ ಹೇಗೆ ನಡೆಯುತ್ತಿದೆ, ಕಾನೂನಿನ ಯಾವ ಪದಕ್ಕೆ ಯಾವ ಅರ್ಥ ಎಂಬಂಥ ಸೂಕ್ಷ್ಮ ಪ್ರಶ್ನೆಗಳು ಹೆಚ್ಚಾಗಿ ಅಲ್ಲಿರುತ್ತವೆ. ಈ ಅಭ್ಯಾಸಕ್ಕೆ ಹೊರಡುವ ವಿದ್ಯಾರ್ಥಿಗಳು ಅಲ್ಲಿಂದಲೇ ಓದಲು ಆರಂಭಿಸಬೇಕೆಂದು ನನ್ನ ಖಚಿತ ಅಭಿಪ್ರಾಯ.

ಜಿನೀವಾದಲ್ಲಿ ಬೆಳಗಿನ ಹೊತ್ತು ಗ್ರಂಥಾಲಯಕ್ಕೆ, ಮಧ್ಯಾಹ್ನ ಸಮ್ಮೇಳನದ ಸಭೆಗೆ ಎಂದು ದಿನವನ್ನು ಹಂಚಿಕೊಂಡಿದ್ದೆ. ತಜ್ಞರ ವರದಿಯಿಂದ ಸಾಮಾನ್ಯವಾಗಿ 24 ಪ್ರಕರಣಗಳನ್ನು ಆಯ್ದು ಆಯಾ ದೇಶದ ಸರ್ಕಾರದಿಂದ ಉತ್ತರ ಕೇಳುವ, ಸಮ್ಮೇಳನದ್ದೇ ಆದ ಬೇರೊಂದು ಸಮಿತಿಯ ಸಭೆಯನ್ನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದೆ. ಪ್ರತಿ ದೇಶವೂ ಸಮ್ಮೇಳನಕ್ಕೆ ಸರ್ಕಾರದ ಇಬ್ಬರನ್ನು, ಮಾಲೀಕರ ಒಬ್ಬರನ್ನು, ಕಾರ್ಮಿಕರ ಒಬ್ಬರನ್ನು ಕಳಿಸುತ್ತದೆ, ಮತ್ತು ಪ್ರತಿಯೊಬ್ಬರ ಮತವೂ ಸ್ವತಂತ್ರ ಎಂದು ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದೆ. ಒಂದು ಸರ್ಕಾರದ ಪ್ರತಿನಿಧಿ ಮಾತು ಮುಗಿಸಿದ ಮೇಲೆ ಅದೇ ದೇಶದ ಕಾರ್ಮಿಕ ಪ್ರತಿನಿಧಿ ಎದ್ದು, ಆ ಅಂಕಿಗಳು ನಮ್ಮ ಗಣಿಗಳಿಗೆ ಹೊಂದುವುದಿಲ್ಲವೆಂದು ಶಾಂತವಾಗಿ ಹೇಳಿದ್ದನ್ನು ಕಣ್ಣಾರೆ ಕಂಡಾಗ ಆ ಪಾಠದ ತೂಕ ನನಗೇ ಮೊದಲ ಬಾರಿ ತಿಳಿಯಿತು.

ವಿಶ್ವಸಂಸ್ಥೆಯ ಅರಮನೆಯ ಗ್ರಂಥಾಲಯದಲ್ಲಿ ಕಳೆದ ಒಂದು ದಿನವನ್ನು ನಾನು ಮರೆಯಲಾರೆ. ರಾಷ್ಟ್ರಗಳ ಒಕ್ಕೂಟದ ಕಾಲದ, 1926ರ ಗುಲಾಮಗಿರಿ ವಿರೋಧಿ ಒಡಂಬಡಿಕೆಯ ಪಠ್ಯವನ್ನು ಸಹಿಗಳ ಪುಟದವರೆಗೂ ಓದಿದೆ. ಅಂದಿನ ಭಾರತದ ಪರವಾಗಿ ಹಾಕಿದ ಸಹಿಯ ಜೊತೆಗೆ ಒಂದು ಷರತ್ತಿದೆ: ಬಲವಂತದ ದುಡಿಮೆಯ 5ನೇ ವಿಧಿಯೂ ಸೇರಿದಂತೆ ಕೆಲವು ವಿಧಿಗಳ ಜಾರಿ, ಬ್ರಿಟಿಷ್ ಅಧೀನದ ರಾಜಮಹಾರಾಜರ ಸಂಸ್ಥಾನಗಳಿಗೆ ಅನ್ವಯಿಸದು. ರಾಯಚೂರು ಮತ್ತು ಕೊಪ್ಪಳ ಆಗ ನಿಜಾಮರ ಸಂಸ್ಥಾನದಲ್ಲಿದ್ದವು, ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು. ಅಂದರೆ ತುಂಗಭದ್ರೆಯ ದಕ್ಷಿಣ ದಂಡೆಯ ಜೀತದಾಳಿಗೆ ಸಲ್ಲುವ ಮಾತು ಉತ್ತರ ದಂಡೆಯವನಿಗೆ ಸಲ್ಲುತ್ತಿರಲಿಲ್ಲ. ನನ್ನ ಊರನ್ನು ಹೊರಗಿಟ್ಟ ಆ ಸಾಲನ್ನು ಕೈಯಿಂದಲೇ ಟಿಪ್ಪಣಿ ಪುಸ್ತಕಕ್ಕೆ ಬರೆದುಕೊಂಡೆ.

ಹೊರಗಿಡುವ ಸಾಲುಗಳು ಇಂದಿನ ಕಾನೂನಿನಲ್ಲೂ ಇವೆ. ನಮ್ಮ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ, 14 ವರ್ಷದೊಳಗಿನ ಮಗು ಶಾಲೆಯ ಅವಧಿಯ ನಂತರ ಅಥವಾ ರಜೆಯಲ್ಲಿ, ಅಪಾಯಕಾರಿಯಲ್ಲದ ಕುಟುಂಬದ ಕೆಲಸಕ್ಕೆ ನೆರವಾಗಬಹುದು. ಕ್ರಾಸಿಂಗ್ ಹೊಲವನ್ನು ಹಲವರು ಈ ಮಾತಿನ ಅಡಿಯಲ್ಲಿ ತರುತ್ತಾರೆ. 138ನೇ ಒಡಂಬಡಿಕೆಯಾದರೋ, ವ್ಯಾಪ್ತಿಯನ್ನು ಕಿರಿದು ಮಾಡಿಕೊಂಡ ದೇಶವೂ ಕೈಬಿಡಬಾರದ ಕ್ಷೇತ್ರಗಳನ್ನು ಹೆಸರಿಸುವಾಗ, ಸ್ಥಳೀಯ ಬಳಕೆಗಾಗಿ ಬೆಳೆಯುವ, ಕೂಲಿಯಾಳುಗಳನ್ನು ನಿಯತವಾಗಿ ಇಟ್ಟುಕೊಳ್ಳದ ಸಣ್ಣ ಹಿಡುವಳಿಗೆ ಮಾತ್ರ ವಿನಾಯಿತಿ ಕೊಡುತ್ತದೆ. ಕಂಪನಿಯ ಒಪ್ಪಂದದ ಮೇಲೆ ಮಾರಾಟಕ್ಕಾಗಿಯೇ ಬೆಳೆಯುವ ಬೀಜ ಸ್ಥಳೀಯ ಬಳಕೆಯದಾಗುವುದು ಹೇಗೆ? ಈ ವಾದವನ್ನು ನಾನು ಅಲ್ಲಿನ ಗ್ರಂಥಾಲಯದಲ್ಲಿ ಕುಳಿತೇ ರೂಪಿಸಿಕೊಂಡೆ.

ವಾದವನ್ನು ಕಳಿಸುವ ಬಾಗಿಲೂ ಅಲ್ಲಿಯೇ ಸ್ಪಷ್ಟವಾಯಿತು. ಸಂಶೋಧಕರ ಪತ್ರಕ್ಕೆ ಆ ವ್ಯವಸ್ಥೆಯಲ್ಲಿ ಸ್ಥಾನವಿಲ್ಲ. ಕಾರ್ಮಿಕ ಸಂಘ ಅಥವಾ ಮಾಲೀಕರ ಸಂಘ ಬರೆದರೆ ಸರ್ಕಾರದ ಉತ್ತರವನ್ನು ಕೇಳಿ ತಜ್ಞರು ಪರಿಶೀಲಿಸುತ್ತಾರೆ. ಅದು ಸೆಪ್ಟೆಂಬರ್ 1ರೊಳಗೆ ತಲುಪಬೇಕು. ನಮ್ಮಲ್ಲಿ ಕ್ರಾಸಿಂಗ್ ಕಾವೇರುವುದೇ ಆ ಹೊತ್ತಿಗೆ. ಹೀಗಾಗಿ ಒಂದು ವರ್ಷದ ಸಾಕ್ಷ್ಯ ಮುಂದಿನ ವರ್ಷದ ಪತ್ರಕ್ಕಷ್ಟೇ ಒದಗುತ್ತದೆ.

ಊರಿಗೆ ಮರಳಿದ ಮೇಲೆ ಕೃಷಿ ಕೂಲಿಕಾರರ ಸಂಘವೊಂದರ ಹೆಣ್ಣುಮಕ್ಕಳ ಜೊತೆ ಕುಳಿತು ಆ ಹಂಗಾಮಿನ ದಾಖಲೆ ಕೂಡಿಸಿದೆವು. ಕೊಟ್ಟ ಮುಂಗಡದ ಚೀಟಿಗಳು ಕೆಲವೇ ಸಿಕ್ಕವು. ಮಕ್ಕಳ ಹೆಸರು ಹೇಳಿಸಿ ತೊಂದರೆಗೆ ಸಿಲುಕಿಸಬಾರದೆಂದು ಶಾಲೆಗಳ ಹಾಜರಿಯಿಂದ ಹೆಸರು ಬಿಟ್ಟು ತಿಂಗಳವಾರು ಎಣಿಕೆಯನ್ನಷ್ಟೇ ಪಡೆದೆವು. ಆಗಸ್ಟ್ ಕೊನೆಗೆ ಇಳಿದ ಹಾಜರಿ ದೀಪಾವಳಿ ಮುಗಿದ ಮೇಲೆ ಏರುವುದು ಆ ಎಣಿಕೆಯಲ್ಲಿ ಎದ್ದು ಕಾಣುತ್ತಿತ್ತು. ಆರು ಪುಟದ ಟಿಪ್ಪಣಿಯನ್ನು ಮೊದಲು ಕನ್ನಡದಲ್ಲಿ ಬರೆದು, ಆ ಹೆಣ್ಣುಮಕ್ಕಳಿಗೆ ಎರಡು ಸಲ ಓದಿ ಹೇಳಿ, ಅವರು ತಿದ್ದಿಸಿದ್ದನ್ನು ತಿದ್ದಿ, ಆಮೇಲೆ ಇಂಗ್ಲಿಷಿಗೆ ತಂದೆ. ಸಂಘದವರು ಮುಂದಿನ ವರ್ಷದ ಜುಲೈನಲ್ಲಿ ತಮ್ಮ ಸಹಿ ಹಾಕಿ ಅದನ್ನು ಜಿನೀವಾಕ್ಕೆ ಕಳಿಸಿದರು.