ಕ್ರಾಸ್‌ಬೋ ಹೆದೆ: ಏರಿಸುವುದು, ಹೊಂದಿಸುವುದು, ಕಾಪಾಡುವುದು

ಕೈಬಿಲ್ಲಿನ ಹೆದೆ ಗಾಳಿಯಲ್ಲಿ ಓಡುತ್ತದೆ. ಕ್ರಾಸ್‌ಬೋ ಹೆದೆಗೆ ಆ ಸುಖವಿಲ್ಲ, ಹೆಚ್ಚಿನ ಮಾದರಿಗಳಲ್ಲಿ ಅದು ಪ್ರತಿ ಸಲವೂ ಬಾಣ ಕೂರುವ ಉದ್ದನೆಯ ಹಳಿಯನ್ನು, ಅಂದರೆ ರೇಲನ್ನು, ಉಜ್ಜಿಕೊಂಡೇ ಮುಂದಕ್ಕೆ ಹೋಗಬೇಕು. ಅದಕ್ಕೇ ಹೆದೆ ಮೊದಲು ಸೋಲುವುದು ನಡುಭಾಗದಲ್ಲಿ, ಎಳೆಗಳ ಮೇಲೆ ಬಿಗಿಯಾಗಿ ಸುತ್ತಿರುವ ಸರ್ವಿಂಗ್ ದಾರದಲ್ಲಿ. ಆ ದಾರ ಹರಿದರೆ ಒಳಗಿನ ಎಳೆಗಳಿಗೆ ನೇರವಾಗಿ ಪೆಟ್ಟು ಬೀಳುತ್ತದೆ. ಅಲ್ಲಿಂದ ಮುಂದೆ ಹೆದೆ ತುಂಡಾಗಲು ಹೆಚ್ಚು ದಿನ ಬೇಕಿಲ್ಲ.

ಹೆದೆ ಕೊಳ್ಳುವಾಗ ಬಿಲ್ಲಿನ ಮಾದರಿಗೆಂದೇ ತಯಾರಕರು ಹೇಳಿದ ಉದ್ದ, ಎಳೆಗಳ ಸಂಖ್ಯೆ, ದಪ್ಪ ಮೂರೂ ಹೊಂದಬೇಕು. ಈಗಿನ ಹೆದೆಗಳೆಲ್ಲ ಬಹುಪಾಲು ಡೈನೀಮಾ ಜಾತಿಯ ನೂಲಿನವು. ಅದು ಹಿಗ್ಗುವುದು ತೀರಾ ಕಡಿಮೆ. ಹಳೆಯ ಕಾಲದ, ತುದಿ ಬಲಪಡಿಸದ ಬಿಲ್ಲಿಗೆ ಇದನ್ನು ಹಾಕಬಾರದು. ಹಿಗ್ಗದ ಹೆದೆ ತೋಳಿನ, ಅಂದರೆ ಬಿಲ್ಲಿನ ಬಾಗುವ ಪಕ್ಕಗಳ, ತುದಿಗೆ ಕೊಡುವ ಏಟು ಜೋರು. ಅಂಥದ್ದಕ್ಕೆ ಸ್ವಲ್ಪ ಹಿಗ್ಗುವ ಡೆಕ್ರಾನ್ (ಪಾಲಿಯೆಸ್ಟರ್ ನೂಲು) ಹೆದೆಯೇ ಸರಿ.

ಏರಿಸುವ ಕೆಲಸದಲ್ಲಿ ಎರಡು ದಾರಿ. ಕಾಂಪೌಂಡ್ ಮಾದರಿಯಾದರೆ, ಅಂದರೆ ತುದಿಯಲ್ಲಿ ಕ್ಯಾಮ್ ಚಕ್ರಗಳಿದ್ದರೆ, ಆ ಬಿಲ್ಲಿಗೆ ಒಪ್ಪುವ ಬೋ ಪ್ರೆಸ್ (ತೋಳುಗಳನ್ನು ಒತ್ತಿ ಹಿಡಿಯುವ ಸಾಧನ) ಇಲ್ಲದೆ ಮುಟ್ಟಬೇಡಿ. ತೋಳುಗಳ ಬಿಗಿತವನ್ನು ಕೈಯಿಂದ ಹಿಡಿಯಲು ಸಾಧ್ಯವಿಲ್ಲ. ಪ್ರೆಸ್ ಇಲ್ಲದವರು ಅಂಗಡಿಗೆ ಕೊಡುವುದೇ ಲೇಸು. ಬದಲಿಸುವಾಗ ಹೆದೆಯ ಜೊತೆ ಕೇಬಲ್‌ಗಳನ್ನೂ ಬದಲಿಸಿ. ಹಳೆಯ ಕೇಬಲ್ ಒಂದು ಅಳತೆ, ಹೊಸ ಹೆದೆ ಇನ್ನೊಂದು ಅಳತೆ ಆದರೆ ಎರಡೂ ಕ್ಯಾಮ್ ಒಟ್ಟಿಗೆ ತಿರುಗುವುದಿಲ್ಲ. ಕ್ಯಾಮ್‌ಗಳ ಮೇಲಿನ ಗುರುತುಗಳು ಎಡ ಬಲ ಒಂದೇ ಜಾಗದಲ್ಲಿ ನಿಂತಿವೆಯೇ ಎಂದು ಕೊನೆಯಲ್ಲಿ ನೋಡಬೇಕು.

ಕ್ಯಾಮ್ ಇಲ್ಲದ, ತೋಳಿನ ತುದಿ ಮುಂದಕ್ಕೆ ಬಾಗಿದ ರಿಕರ್ವ್ ಮಾದರಿಯಲ್ಲಿ ಕೆಲಸ ಮನೆಯಲ್ಲೇ ಆಗುತ್ತದೆ. ಬೇಕಾದ್ದು ಸಹಾಯಕ ಹೆದೆ (ತೋಳು ಬಾಗಿಸಲು ತಾತ್ಕಾಲಿಕವಾಗಿ ಹಾಕುವ ಉದ್ದನೆಯ ಹೆದೆ), ಎಳೆಯುವ ಹಗ್ಗ, ಕಣ್ಣಿಗೆ ಕನ್ನಡಕ, ಸ್ವಲ್ಪ ತಾಳ್ಮೆ. ರೇಲ್ ಮೇಲೆ ಬಾಣ ಇಲ್ಲವೆಂದು ಮೊದಲೇ ಖಾತ್ರಿ ಮಾಡಿಕೊಳ್ಳಿ.

1. ಸಹಾಯಕ ಹೆದೆಯ ಎರಡು ಕುಣಿಕೆಗಳನ್ನು ತೋಳಿನ ತುದಿಗಳಿಗೆ, ಅದಕ್ಕೆಂದೇ ಇರುವ ಜಾಗದಲ್ಲಿ ಸಿಕ್ಕಿಸಿ.
2. ಪೂರ್ತಿ ಪಾದವನ್ನು ಮುಂದಿನ ಕಾಲ್ಬಳೆಗೆ ತೂರಿಸಿ, ಎಳೆಯುವ ಹಗ್ಗದಿಂದ ಸಹಾಯಕ ಹೆದೆಯನ್ನು ಹಿಂದಕ್ಕೆ ಎಳೆದು ಟ್ರಿಗರ್ ಕೊಕ್ಕೆಗೆ ಸಿಕ್ಕಿಸಿ. ಸೇಫ್ಟಿ (ಟ್ರಿಗರ್ ತಡೆ) ಬಿದ್ದಿದೆಯೇ ನೋಡಿ.
3. ತೋಳುಗಳು ಬಾಗಿದ ಮೇಲೆ ಹಳೆಯ ಹೆದೆ ಸಡಿಲಾಗುತ್ತದೆ. ಅದನ್ನು ತೆಗೆದು ಹೊಸದರ ಕುಣಿಕೆಗಳನ್ನು ತುದಿಯ ತೋಡಿನಲ್ಲಿ ಪೂರ್ತಿ ಕೂರಿಸಿ. ಅರ್ಧ ಕೂತ ಕುಣಿಕೆ ಹಾರಿಬಿಡುತ್ತದೆ.
4. ಸಹಾಯಕ ಹೆದೆಯನ್ನು ಹಗ್ಗದ ಹಿಡಿತದಲ್ಲೇ ನಿಧಾನ ಇಳಿಸಿ. ಕೊಕ್ಕೆ ಬಿಡಿಸುವ ಕ್ರಮ ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿಯಲ್ಲಿರುವಂತೆಯೇ ಮಾಡಿ. ಮುಖ, ಬೆರಳು ಹೆದೆಯ ದಾರಿಯಲ್ಲಿ ಇರಬಾರದು.

ಏರಿಸಿಯಾದ ಮೇಲೆ ಬ್ರೇಸ್ ಹೈಟ್, ಅಂದರೆ ಬಿಲ್ಲಿನ ಒಂದು ಬಿಂದುವಿಗೂ ಸುಮ್ಮನಿರುವ ಹೆದೆಗೂ ನಡುವಿನ ಅಂತರ, ಅಳೆಯಿರಿ. ಯಾವ ಬಿಂದುವಿನಿಂದ ಹೆದೆಯವರೆಗೆ ಅಳೆಯಬೇಕು, ಎಷ್ಟಿರಬೇಕು ಎಂಬುದು ಕೈಪಿಡಿಯಲ್ಲಿ ಇರುತ್ತದೆ. ಹೊಂದಿಸುವುದು ಹುರಿಯಿಂದ. ಹುರಿ ಹೆಚ್ಚಿಸಿದರೆ ಹೆದೆ ಗಿಡ್ಡವಾಗಿ ಅಂತರ ಏರುತ್ತದೆ, ಬಾಣಕ್ಕೆ ಸಿಗುವ ನೂಕು ಸ್ವಲ್ಪ ಇಳಿಯುತ್ತದೆ. ಹುರಿ ಬಿಚ್ಚಿದರೆ ಇದರ ವಿರುದ್ಧ. ಹುರಿ ಸರ್ವಿಂಗ್ ಸುತ್ತಿದ ದಿಕ್ಕಿನಲ್ಲೇ ಇರಲಿ, ಇಲ್ಲವಾದರೆ ಸರ್ವಿಂಗ್ ಸಡಿಲಾಗಿ ಜಾರುತ್ತದೆ. ಒಂದೊಂದು ಬದಲಾವಣೆಗೆ ಎರಡು ಮೂರು ಸುತ್ತು ಸಾಕು, ಆಮೇಲೆ ಮತ್ತೆ ಅಳೆಯಿರಿ. ಹೊಸ ಹೆದೆ ಮೊದಲ 10-20 ಬಾಣಗಳಲ್ಲಿ ಕುಣಿಕೆ, ಸುತ್ತು ಎಲ್ಲ ಕೂತು ತುಸು ಉದ್ದವಾಗುತ್ತದೆ. ಅದಾದ ಮೇಲಿನ ಅಳತೆಯೇ ನಿಜವಾದದ್ದು. ಸ್ಕೋಪ್ ಹೊಂದಿಸುವ ಕೆಲಸವನ್ನೂ ಅಲ್ಲಿಯವರೆಗೆ ಮುಂದೂಡಿ.

ಮಧ್ಯ ಗುರುತಿಸುವ ಕೆಲಸವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ನಿಖರತೆ ನಿಂತಿರುವುದೇ ಅದರ ಮೇಲೆ. ಹೆದೆ ಸುಮ್ಮನಿರುವಾಗ, ರೇಲಿನ ಎರಡೂ ಅಂಚಿಗೆ ತಾಗುವಲ್ಲಿ ಸರ್ವಿಂಗ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಹೆದೆ ಎಳೆದು ಕೂರಿಸಿದಾಗ ಎರಡೂ ಗೆರೆ ರೇಲ್ ಅಂಚಿನಿಂದ ಸಮಾನ ದೂರದಲ್ಲಿರಬೇಕು. ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಹೋದರೂ ಬಾಣ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಬರಿಗೈಯಲ್ಲಿ ಎಳೆದರೆ ಗಟ್ಟಿ ಕೈಯ ಕಡೆಗೆ ವಾಲುವುದು ಸಹಜ. ಆದ್ದರಿಂದ ಹಗ್ಗವೇ ಬೇಕು; ಅದು ಎಳೆಯುವ ಭಾರವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ಎರಡೂ ಬದಿಯನ್ನು ಸಮವಾಗಿಯೂ ತರುತ್ತದೆ. ಹಗ್ಗದಿಂದ ಎಳೆದರೂ ಪ್ರತಿ ಸಲ ಒಂದೇ ಕಡೆಗೆ ಸರಿಯುತ್ತಿದ್ದರೆ ಮೊದಲು ಗುರುತನ್ನೇ ಮತ್ತೆ ನೋಡಿ, ನಂತರ ಕ್ಯಾಮ್‌ಗಳ ಹೊಂದಾಣಿಕೆ ಅಥವಾ ತೋಳುಗಳ ಸಮತೆ ಪರೀಕ್ಷಿಸಿ.

ಇನ್ನು ಮೇಣ ಮತ್ತು ರೇಲ್ ಎಣ್ಣೆ. ಎರಡೂ ಒಂದೇ ಎಂದುಕೊಂಡವರ ಹೆದೆ ಬೇಗ ಹಾಳಾಗುತ್ತದೆ. ಮೇಣ ಬೇಕಾದ್ದು ಸರ್ವಿಂಗ್ ಇಲ್ಲದ ಬರಿಯ ಎಳೆಗಳಿಗೆ. ಅದು ಎಳೆಗಳನ್ನು ಒಟ್ಟಿಗೆ ಹಿಡಿದು ನೀರು, ದೂಳು ಒಳಗಿಳಿಯದಂತೆ ನೋಡಿಕೊಳ್ಳುತ್ತದೆ. ಹಚ್ಚಿ, ಬೆರಳಿನಿಂದ ಬಿಸಿಯಾಗುವ ತನಕ ಉಜ್ಜಿ, ಒಳಗಿಳಿಸಿ. ಹೆಚ್ಚಾದದ್ದನ್ನು ತೆಗೆಯಲು ತೆಳು ದಾರವನ್ನು ಹೆದೆಗೆ ಒಂದು ಸುತ್ತು ಹಾಕಿ ಉದ್ದಕ್ಕೂ ಎಳೆಯಿರಿ, ಹಳೆಯ ಕೊಳೆಯೂ ಅದರ ಜೊತೆ ಬರುತ್ತದೆ. ಎಳೆಗಳಲ್ಲಿ ಗುಂಜು ಏಳುವುದು ಕಂಡರೆ ಮೇಣದ ಸಮಯ ಆಗಿಹೋಗಿದೆ ಎಂದರ್ಥ.

ನಡುವಿನ ಸರ್ವಿಂಗ್ ಓಡುವ ದಾರಿಗೆ ರೇಲ್ ಎಣ್ಣೆ. ರೇಲಿನ ಎರಡು ಮೇಲ್ಬದಿಗಳಿಗೆ ಒಂದೊಂದು ಹನಿ ತೆಳ್ಳಗೆ ಸವರಿದರೆ ಸಾಕು. ಬಾಣ ಕೂರುವ ನಡುತೋಡಿಗೆ ಬೇಡ, ಟ್ರಿಗರ್ ಪೆಟ್ಟಿಗೆಗಂತೂ ಖಂಡಿತ ಬೇಡ. ದಪ್ಪಗೆ ಹಚ್ಚಿದ ಎಣ್ಣೆ ಮಣ್ಣನ್ನು ಹಿಡಿದು ಮರಳುಕಾಗದದಂತೆ ಸರ್ವಿಂಗನ್ನೇ ತಿನ್ನುತ್ತದೆ. ಎಷ್ಟು ಬಾಣಕ್ಕೊಮ್ಮೆ, ಸರ್ವಿಂಗಿಗೆ ಏನು ಹಚ್ಚಬೇಕು ಎಂಬಲ್ಲಿ ತಯಾರಕರ ಮಾತು ಬೇರೆ ಬೇರೆ. ಹೆದೆ ರೇಲನ್ನೇ ಮುಟ್ಟದ ಹೊಸ ಮಾದರಿಗಳಿಗೆ ಎಣ್ಣೆಯ ಗೊಡವೆಯೇ ಇಲ್ಲ.

ಸರ್ವಿಂಗ್ ಪದೇಪದೇ ಒಂದೇ ಜಾಗದಲ್ಲಿ ಹರಿದರೆ ದಾರವನ್ನು ಬೈಯುವ ಮೊದಲು ಹತ್ತಿಯ ತುಂಡನ್ನು ರೇಲ್, ಕೊಕ್ಕೆ, ಕ್ಯಾಮ್ ತೋಡುಗಳ ಮೇಲೆ ಎಳೆಯಿರಿ. ನೂಲು ಸಿಕ್ಕಿಕೊಂಡ ಕಡೆ ಚೂಪಾದ ಅಂಚು ಇದೆ. ರೇಲ್ ಅಂಚಾದರೆ ತೀರಾ ನಯವಾದ ಮರಳುಕಾಗದದಿಂದ ತಿದ್ದಬಹುದು. ಕೊಕ್ಕೆ ತಿದ್ದುವ ಕೆಲಸ ತಯಾರಕರಿಗೆ ಬಿಡಿ. ಹೆದೆ ರೇಲನ್ನು ಅತಿಯಾಗಿ ಒತ್ತುತ್ತಿದ್ದರೂ ಸವೆತ ಹೆಚ್ಚು. ಮೇಲಕ್ಕೆ ಎದ್ದಿದ್ದರೆ ಅಪಾಯವೇ ಬೇರೆ, ಹೆದೆ ಬಾಣದ ಹಿಂಬದಿಯ ಮೇಲಿಂದ ಹಾರಿಹೋಗಬಹುದು.

ಸರ್ವಿಂಗ್ ಮತ್ತೆ ಸುತ್ತುವುದಾದರೆ ಹಳೆಯದರ ಆರಂಭ ಮತ್ತು ಕೊನೆ ಗುರುತಿಸಿ, ದಪ್ಪವನ್ನು ಕ್ಯಾಲಿಪರ್‌ನಿಂದ ಅಳೆದುಕೊಂಡೇ ಬಿಚ್ಚಿ. ದಪ್ಪ ಹೆಚ್ಚಾದರೆ ಕೊಕ್ಕೆಯಲ್ಲಿ ಕೂರುವುದಿಲ್ಲ. ಕಡಿಮೆಯಾದರೆ ಬಾಣದ ನಾಕ್ (ಹೆದೆ ಕೂರುವ ಹಿಂತುದಿ) ಸರಿಯಾಗಿ ಹಿಡಿಯುವುದಿಲ್ಲ. ಹೆದೆ ಬಿಗಿತದಲ್ಲಿ ಇರುವಾಗ, ಸರ್ವಿಂಗ್ ಜಿಗ್‌ನಿಂದ (ದಾರವನ್ನು ಬಿಗಿಯಾಗಿ ಸುತ್ತುವ ಸಾಧನ), ದಾರದ ತುದಿಯನ್ನು ಮೊದಲ 10-12 ಸುತ್ತಿನ ಅಡಿಗೆ ಹುದುಗಿಸಿ ಶುರುಮಾಡಿ. ಕೊನೆಯಲ್ಲೂ ಅಷ್ಟೇ ಸುತ್ತುಗಳ ಅಡಿಯಿಂದ ತುದಿ ಎಳೆದು ಬಿಗಿಮಾಡಿ. ತುದಿ ಸುಡುವ ಲೈಟರ್ ಎಳೆಗಳ ಹತ್ತಿರ ಬರಬಾರದು. ಡೈನೀಮಾ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ, ಅದಕ್ಕಿಂತ ಬಹಳ ಮುಂಚೆಯೇ ಬಲ ಕಳೆದುಕೊಳ್ಳುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಲ್ಲನ್ನು ಬಿಟ್ಟರೆ ಹೆದೆ ನಿಧಾನವಾಗಿ ಉದ್ದವಾಗುವುದೂ ಇದೇ ಕಾರಣಕ್ಕೆ.

ಒಂದು ಎಳೆ ತುಂಡಾಗಿದ್ದರೂ ಹೆದೆ ಬದಲಿಸಿ. ಬಾಣವಿಲ್ಲದೆ ಒಮ್ಮೆ ಟ್ರಿಗರ್ ಎಳೆದುಹೋದರೆ ಹೆದೆ ಮಾತ್ರವಲ್ಲ, ತೋಳು, ಕ್ಯಾಮ್, ಕುಣಿಕೆ ಎಲ್ಲವನ್ನೂ ಪರೀಕ್ಷಿಸದೆ ಮತ್ತೆ ಎಳೆಯಬೇಡಿ. ನಾಕ್ ಕೂಡ ತಯಾರಕರು ಹೇಳಿದ ಬಗೆಯದೇ ಇರಲಿ, ಅರ್ಧಚಂದ್ರಾಕಾರದ ಬದಲು ಚಪ್ಪಟೆ ನಾಕ್ ಹಾಕಿದರೂ ಹೆದೆ ಜಾರಿ ಅದೇ ಹಾನಿ ಆಗುತ್ತದೆ. ದಿನದ ಕೊನೆಗೆ ಎಳೆದಿಟ್ಟ ಹೆದೆಯನ್ನು ಹಾಗೇ ಬಿಡದೆ, ಹೆದೆ ಇಳಿಸಲೆಂದೇ ಇಟ್ಟ ಹಳೆಯ ಬಾಣವನ್ನು ಗುರಿಗೋ ಮೆತ್ತನೆಯ ಮಣ್ಣಿಗೋ ಹೊಡೆದು ಇಳಿಸಿ.